ಹೊಲವಿಲ್ಲದ ಮನೆಯ ನುಡಿ

ಯಲಬುರ್ಗಾ ಕಡೆಯ ರೈತರೊಬ್ಬರು ಕುಷ್ಟಗಿಯ ನನ್ನ ಅಂಗಡಿಗೆ ಸುಟ್ಟ ಮೋಟಾರು ತಂದಿಳಿಸಿದರು. ಅದರ ವೈರಿನ ತುದಿಗಳಿಗೆ ಒಂದು ಕರಪತ್ರ ಸುತ್ತಿತ್ತು. ಬಿಚ್ಚಿ ನೋಡಿದರೆ ಅದರಲ್ಲಿ ನನ್ನ ಬ್ಯಾಂಡಿನ ನಾಲ್ಕೂ ಜನ ಇದ್ದರು. ಬರುವ ಶನಿವಾರ ಸಂಜೆ ಕೊಪ್ಪಳದ ಕಾಲೇಜೊಂದರ ಮೈದಾನದಲ್ಲಿ ಹಾಡುತ್ತಾರಂತೆ. ರೈತರು ‘ಮೋಟ್ರ ಯಾವಾಗ ಕೊಡ್ತೀರಿ?’ ಎಂದು ಮೂರು ಸಲ ಕೇಳಿದರು. ‘ಶನಿವಾರ ಒಂದು ಬಿಟ್ಟು ಯಾವಾಗರ ಬರ್ರಿ’ ಎಂದೆ.

‘ನನ್ನ ಬ್ಯಾಂಡು’ ಅಂದದ್ದಕ್ಕೆ ನಗುವವರು ನಗಲಿ. ನಾನು ಮೋಟಾರು ವೈಂಡಿಂಗ್ ಮಾಡುವವನು. ವಯಸ್ಸು ನಲವತ್ತು ದಾಟಿದೆ, ಗಿಟಾರನ್ನು ಕೈಯಿಂದ ಮುಟ್ಟಿಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ ತಾಮ್ರದ ತಂತಿ ಸುತ್ತುವಾಗ ಫೋನಿನಲ್ಲಿ ಅವರ ಹಾಡೇ ಇರಬೇಕು. ಪಕ್ಕದ ಚಹಾದಂಗಡಿಯವರು ಎಷ್ಟೋ ಸಲ ಬಂದು, ‘ಅದೇನ್ ಒದರಾಟರೀ, ಒಂದು ಛಲೋ ಸಿನಿಮಾ ಹಾಡು ಹಚ್ರೆಲಾ’ ಎಂದಿದ್ದಾರೆ. ಅವರ ಚಹಾವೂ ಹಾಡಿನಷ್ಟೇ ಕೆಟ್ಟದ್ದೆಂದು ನಾನೂ ಹೇಳಿದ್ದೇನೆ. ನಾವು ಈಗಲೂ ಗೆಳೆಯರೇ.

ಆದರೆ ಆ ಶನಿವಾರ ನಾನು ಕೊಪ್ಪಳಕ್ಕೆ ಹೋಗಬೇಕೆಂದದ್ದು ಬರೀ ಹಾಡು ಕೇಳುವುದಕ್ಕಲ್ಲ. ಅವರ ಹತ್ತಿರ ನಮ್ಮವ್ವನ ದನಿ ಇತ್ತು. ಅದನ್ನು ಕೇಳಿ ಇಸಿದುಕೊಂಡು ಬರಬೇಕಿತ್ತು.

ನಮ್ಮವ್ವ ಹನುಮಸಾಗರದ ಹತ್ತಿರದ ಹೊಲಗಳಲ್ಲಿ ಕಳೆ ತೆಗೆಯಲು ಹೋಗುತ್ತಿದ್ದವಳು. ಹತ್ತು ಹನ್ನೆರಡು ಹೆಣ್ಣುಮಕ್ಕಳ ಗುಂಪು, ಅದರ ಮುಂದಿನ ಸಾಲು ಅವಳದು. ಅವಳು ಒಂದು ಸಾಲು ಹಾಡಿದರೆ ಉಳಿದವರು ಹಿಂದಿನಿಂದ ಎತ್ತಿಕೊಳ್ಳಬೇಕು. ಪದ ನಿಧಾನವಾದರೆ ಕಳೆ ಕೀಳುವ ಕುರ್ಚಿಗಿ ನಿಧಾನ, ಪದ ಓಡಿದರೆ ಕೈ ಓಡುತ್ತಿತ್ತು. ಬದು ಮುಟ್ಟುವ ಹೊತ್ತಿಗೆ ಪದ ಮುಗಿಯಬೇಕು, ಅದು ಅವಳ ಲೆಕ್ಕ. ಪದದ ಮೂರನೆಯ ನುಡಿ ಮಾತ್ರ ದಿನಕ್ಕೊಂದು. ಆವತ್ತು ಯಾರ ಹೊಲವೋ ಆ ಮನೆಯ ಮೇಲೆ ಅವಳು ಅಲ್ಲೇ ನಿಂತು ಕಟ್ಟಿ ಹಾಡುತ್ತಿದ್ದಳು. ಅರ್ಧ ಹೊಗಳಿಕೆ, ಅರ್ಧ ಚೇಷ್ಟೆ. ಬುತ್ತಿಯ ಪಲ್ಯಕ್ಕೆ ಉಪ್ಪು ಕಡಿಮೆ ಹಾಕುವ ಮನೆಯಾದರೆ ಆ ನುಡಿಯಲ್ಲಿ ಉಪ್ಪು ಬಂದೇ ಬರುತ್ತಿತ್ತು. ಹೊಲದವರು ಬದುವಿನ ಮೇಲೆ ನಿಂತು ತಮ್ಮ ನುಡಿ ಬರುವುದನ್ನೇ ಕಾಯುತ್ತಿದ್ದರು. ಆ ಗುಂಪಿನ ಹೆಂಗಸರಿಗೆ ಇವತ್ತಿಗೂ ಊರಿನ ಮೂವತ್ತು ಮನೆಗಳ ನುಡಿ ನೆನಪಿದೆ. ನಮ್ಮ ಮನೆಯದು ಇಲ್ಲ. ನಮಗೆ ಹೊಲವೇ ಇರಲಿಲ್ಲ.

ನನಗೆ ಅವಳ ಹಾಡು ಅಂದರೆ ನಾಚಿಕೆ. ಸಾಲಿಯಲ್ಲಿ ಜೊತೆಗೆ ಓದುವವರು ಅವಳ ಹಾಗೆ ಕಿವಿಯ ಮೇಲೆ ಕೈಯಿಟ್ಟು ಹಾಡಿ ನನ್ನನ್ನು ಕಾಡಿಸುತ್ತಿದ್ದರು. ದೊಡ್ಡವನಾದ ಮೇಲೂ ಅದು ಹೋಗಲಿಲ್ಲ. ನನ್ನ ಮದುವೆಯ ದಿನ, ಅರಿಶಿಣ ಹಚ್ಚುವಾಗ ಅವಳು ಬಾಯಿ ತೆರೆದಳು. ಬೀಗರ ಮುಂದೆ ನಾನು, ‘ಇವತ್ತರ ಬಾಯಿ ಮುಚ್ಕೊಂಡ್ ಕುಂದ್ರಬೇ’ ಎಂದುಬಿಟ್ಟೆ. ಅವಳು ಸುಮ್ಮನಾದಳು. ಆಮೇಲೆ ನನ್ನ ಎದುರು ಒಂದು ಸಾಲನ್ನೂ ಹಾಡಲಿಲ್ಲ. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಹಾಡಲಿಲ್ಲ, ಅಷ್ಟೇ.

ಹೀಗಿರುವಾಗ, ಈಗ್ಗೆ ಆರೇಳು ವರ್ಷದ ಹಿಂದೆ, ಮೈಸೂರು ಕಡೆಯ ಇಬ್ಬರು ಹುಡುಗರು ನಮ್ಮವ್ವನನ್ನು ಹುಡುಕಿಕೊಂಡು ಹನುಮಸಾಗರದ ನಮ್ಮ ಮನೆಗೆ ಬಂದರು. ಹಳೆಯ ಪದಗಳನ್ನು ಕೂಡಿಸುತ್ತಿದ್ದೇವೆ, ಒಂದು ಹಾಡಿಸಿಕೊಳ್ಳುತ್ತೇವೆ ಎಂದರು. ಒಬ್ಬನಿಗೆ ಜುಟ್ಟು, ಇನ್ನೊಬ್ಬ ಕೂತಲ್ಲೇ ಮೊಣಕಾಲು ಬಡಿಯುತ್ತಿದ್ದ. ನನ್ನ ಹೆಂಡತಿ ಹೆರಿಗೆಗೆ ಯಲಬುರ್ಗಾದ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ಬಂದವರನ್ನು ಬರಿಗೈಲಿ ಕಳಿಸುವುದುಂಟೇ? ಅವ್ವ ನನಗೆ, ‘ಬಸ್‌ಸ್ಟ್ಯಾಂಡಿಗೆ ಹೋಗಿ ಬಿಸಿ ಮಿರ್ಚಿ, ಒಗ್ಗರಣಿ ಮಂಡಾಳ ಕಟ್ಟಿಸ್ಕೊಂಡ್ ಬಾ’ ಎಂದಳು. ನಾನು ಹೋದೆ. ಆರಿದ್ದು ಬೇಡವೆಂದು ಇನ್ನೊಂದು ಘಾಣ ಕರಿಯುವವರೆಗೆ ಅಲ್ಲೇ ನಿಂತೆ. ವಾಪಸು ಬರುವ ಹೊತ್ತಿಗೆ ಹಾಡು ಮುಗಿದು ಮೂವರೂ ನಗುತ್ತಾ ಕೂತಿದ್ದರು. ನನ್ನನ್ನು ಕಂಡು ಅವ್ವ ಸೆರಗು ಸರಿಮಾಡಿಕೊಂಡು ನೀರು ತರಲು ಎದ್ದಳು.

ಹೊರಡುವಾಗ ಜುಟ್ಟಿನವನು ಕೇಳಿದ: ‘ಸರ್, ಇದರ ಕಾಪಿ ನಿಮಗೂ ಕಳಿಸ್ಲಾ?’

‘ಬ್ಯಾಡ್ರಿ. ಆಕಿ ಮನ್ಯಾಗ ಇದ್ದಾಳಲ್ರಿ, ಮತ್ತ ಆಕಿ ದನಿ ಯಾಕ?’ ಎಂದೆ. ಮಿರ್ಚಿ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಎಂದರು.

ಮುಂದಿನ ವರ್ಷ ಆ ಪದ ಹೊರಬಂತು. ಗಿಟಾರು, ಡ್ರಮ್ಮು, ನಡುವೆ ಆ ಜುಟ್ಟಿನ ಹುಡುಗನ ಕೂಗು. ಚಹಾದಂಗಡಿಯಲ್ಲಿ ಕಾಲೇಜು ಹುಡುಗರು ಅದನ್ನು ಹಾಕಿಕೊಂಡು ತಲೆ ಅಲ್ಲಾಡಿಸುತ್ತಿದ್ದರು. ಅಲ್ಲಿಂದ ನನಗೆ ಹಿಡಿದ ಹುಚ್ಚು ಇವತ್ತಿನವರೆಗೆ ಬಿಟ್ಟಿಲ್ಲ. ನಾಚಿಕೆಗೇಡಿನ ಮಾತು, ಆದರೆ ಹೇಳಲೇಬೇಕು: ನನ್ನ ತಾಯಿಯ ಪದ ನನಗೆ ಹಿಡಿಸಬೇಕಾದರೆ ಅದಕ್ಕೆ ಗಿಟಾರು ಬೇಕಾಯಿತು. ಆ ಪದದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಮೂರನೆಯ ನುಡಿಯ ಜಾಗ. ಅಲ್ಲಿ ಮಾತಿಲ್ಲ, ಬರೀ ಗುನುಗು. ಯಾರ ಹೊಲವೂ ಅಲ್ಲದ ಮೇಲೆ ಯಾವ ಮನೆಯ ಮೇಲೆ ಕಟ್ಟಿಯಾರು, ಅದಕ್ಕೇ ಗುನುಗಿ ಮುಂದೆ ಹೋಗಿದ್ದಾರೆ ಅಂದುಕೊಂಡಿದ್ದೆ. ಒಳ್ಳೆಯ ಉಪಾಯ ಮಾಡಿದ್ದಾರೆ ಎಂದು ಮೆಚ್ಚಿಕೊಂಡೂ ಇದ್ದೆ. ಆ ಗುನುಗು ಬಂದಾಗಲೆಲ್ಲ ನಾನು ತಂತಿಯ ಸುತ್ತು ಎಣಿಸುವುದನ್ನು ಮರೆತು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದೆ.

ಎರಡು ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆಯಿತು. ರೊಟ್ಟಿ ಬಡಿಯುತ್ತಾ ಕೂತವಳು ಹಾಗೇ ಬಲಕ್ಕೆ ವಾಲಿದಳು. ಆಸ್ಪತ್ರೆಯಾಯಿತು, ಆಮೇಲೆ ಲಕ್ವಾಕ್ಕೆ ಔಷಧಿ ಕೊಡುವವರ ಊರುಗಳಾದವು. ಕಾಲು ಅಷ್ಟಿಷ್ಟು ಬಂತು. ಮಾತು ಬರಲಿಲ್ಲ. ‘ಬಬ್ಬ’ ಎಂಬ ಒಂದು ಸದ್ದು ಮಾತ್ರ ಉಳಿಯಿತು. ನೀರಿಗೂ ಬಬ್ಬ, ನೋವಿಗೂ ಬಬ್ಬ, ಮೊಮ್ಮಗಳನ್ನು ಕರೆಯುವುದಕ್ಕೂ ಬಬ್ಬ. ಹೇಳಿದ್ದು ಅರ್ಥವಾಗುತ್ತದೋ ಇಲ್ಲವೋ, ಒಂದೊಂದು ದಿನ ಒಂದೊಂದು ಥರ. ನನ್ನ ಫೋನು ತಡಕಿದರೆ ಅವಳ ಫೋಟೋ ನೂರು ಸಿಕ್ಕವು, ದನಿ ಒಂದೂ ಸಿಗಲಿಲ್ಲ. ದಿನಾ ಕೇಳುವ ದನಿಯನ್ನು ಯಾರು ತುಂಬಿಟ್ಟುಕೊಳ್ಳುತ್ತಾರೆ? ಬ್ಯಾಂಡಿನವರ ನಂಬರು ನನ್ನಲ್ಲಿರಲಿಲ್ಲ. ಅವರ ಹಾಡಿನ ಕೆಳಗೆ ಹದಿನೈದು ಸಲ ಬರೆದೆ. ಯಾರೋ ಅಪರಿಚಿತರು ಹೃದಯದ ಚಿತ್ರ ಒತ್ತಿದರು.

ಶನಿವಾರ ಹೊರಡುವಾಗ ಹೆಂಡತಿ, ‘ಹೋಗಿ ಬರ್ರಿ. ಅತ್ತೀ ದನಿ ಸಿಕ್ರ ಮಗಳಾದ್ರೂ ಕೇಳ್ತಾಳ’ ಎಂದಳು. ಮಗಳು ಸಣ್ಣವಳು, ಅಜ್ಜಿಯ ಮಾತು ಹೇಗಿತ್ತೆಂಬುದು ಅವಳಿಗೆ ಆಗಲೇ ಮಸುಕಾಗಿತ್ತು. ನಾನು ಅವ್ವನ ಮುಂದೆ ಕುಕ್ಕುರುಗಾಲಲ್ಲಿ ಕೂತು, ‘ನಿನ್ನ ದನಿ ತರಾಕ ಹೊಂಟೀನಿ ಯವ್ವಾ’ ಎಂದೆ. ‘ಬಬ್ಬ’ ಎಂದಳು.

ಕರಪತ್ರದಲ್ಲಿ ಐದು ಗಂಟೆ ಅಂತಿತ್ತು. ಐದರಿಂದ ಆರೂವರೆಯವರೆಗೆ ವೇದಿಕೆಯ ಮೇಲೆ ಶಾಲು ಹೊದಿಸಿದರು. ಶಾಲು ಹೊದ್ದವರು ಮಾತಾಡಿದರು, ಮಾತಾಡಿದವರಿಗೆ ಇನ್ನೊಮ್ಮೆ ಹಾರ ಬಿತ್ತು. ಬ್ಯಾಂಡಿನವರಿಗೂ ಹಾಡುವ ಮೊದಲೇ ಸನ್ಮಾನ ಮಾಡಿ, ಜುಟ್ಟಿನವನ ತಲೆಗೆ ಪೇಟ ಇಟ್ಟು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ನಿಲ್ಲಿಸಿದರು. ಅವನು ಬುಟ್ಟಿ ಎಲ್ಲಿಡಬೇಕೆಂದು ಗೊತ್ತಾಗದೆ ಡ್ರಮ್ಮಿನ ಮೇಲಿಟ್ಟ. ನನಗೆ ಮೈ ಉರಿಯುತ್ತಿತ್ತು. ಮುಂದಿನ ಸಾಲಿನ ಕುರ್ಚಿಗಳವರು ಸನ್ಮಾನ ಮುಗಿದದ್ದೇ ಎದ್ದು ಹೋದರು. ಒಳ್ಳೆಯದೇ ಆಯಿತು, ಅಲ್ಲಿಗೆ ಹುಡುಗ ಹುಡುಗಿಯರು ನುಗ್ಗಿದರು.

ಗಿಟಾರಿಗೆ ವೈರು ಚುಚ್ಚಿದ ಕೂಡಲೇ ಸ್ಪೀಕರುಗಳು ಗುಂಯ್ ಎನ್ನತೊಡಗಿದವು. ಸೌಂಡಿನವರು ಈ ಗುಂಡಿ ಆ ಗುಂಡಿ ತಿರುವಿದರು, ಹೋಗಲಿಲ್ಲ. ಅದು ಗುಂಡಿಯಲ್ಲಿ ಹೋಗುವಂಥದ್ದಲ್ಲ ಎಂದು ದೂರದಿಂದಲೇ ನನಗೆ ಗೊತ್ತಾಯಿತು. ವೇದಿಕೆಯ ಹಿಂದೆ ಹೋಗಿ ಜನರೇಟರಿನ ಅರ್ಥಿಂಗ್ ನೋಡಿದೆ. ಕಬ್ಬಿಣದ ಸಲಾಕೆಯನ್ನು ಒಣ ಮೊರಂ ಮಣ್ಣಿನಲ್ಲಿ ಗೇಣುದ್ದ ಊರಿ ಕೈ ತೊಳೆದುಕೊಂಡಿದ್ದರು.

ಸೌಂಡಿನವರು ಓಡಿ ಬಂದು, ‘ಯಾರ್ರಿ ನೀವು, ಕೈ ಹಚ್ಚಬ್ಯಾಡ್ರಿ’ ಎಂದರು.

‘ಕರೆಂಟಿನಾಂವ ಅದೀನ್ರಿ. ಒಂದು ಕೊಡ ನೀರು ತರ್ರಿ ಮೊದ್ಲ’ ಎಂದೆ.

ಕಲ್ಲಿನಿಂದ ಬಡಿದು ಸಲಾಕೆಯನ್ನು ಮೊಳದುದ್ದ ಇಳಿಸಿ, ಸಡಿಲಾಗಿದ್ದ ವೈರು ಬಿಗಿದು, ಬುಡಕ್ಕೆ ಎರಡು ಕೊಡ ನೀರು ಹೊಯ್ದೆ. ಗುಂಯ್ ನಿಂತಿತು. ವೇದಿಕೆಯಿಂದ ಜುಟ್ಟಿನವನು ಇಣುಕಿ ನನಗೆ ಕೈ ಮುಗಿದ. ಗುರುತು ಸಿಕ್ಕು ಮುಗಿದದ್ದಲ್ಲ. ಆದರೂ ನನಗೆ ಆ ಹೊತ್ತು ಎಲ್ಲ ಸರಿಹೋಗುತ್ತದೆ ಅನ್ನಿಸಿತು. ಆ ಸಂಜೆಯಲ್ಲಿ ಹಾಗೆ ಅನ್ನಿಸಿದ್ದು ಅದೊಂದೇ ಸಲ.

ಅವರು ಮುಕ್ಕಾಲು ಗಂಟೆ ಹಾಡಿದರು. ಫೋನಿನಲ್ಲಿ ಕೇಳುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಡ್ರಮ್ಮಿನ ಪೆಟ್ಟು ಕಿವಿಗೆ ಬರುವ ಮೊದಲೇ ಎದೆಗೆ ಬರುತ್ತದೆ. ನಾನು ವೇದಿಕೆಯ ಪಕ್ಕದಲ್ಲಿ, ಒದ್ದೆ ಚಪ್ಪಲಿಯಲ್ಲಿ ನಿಂತು ಹುಚ್ಚನ ಹಾಗೆ ತಲೆ ಕುಣಿಸಿದೆ. ಕೊನೆಗೆ ನಮ್ಮವ್ವನ ಪದ ತೆಗೆದುಕೊಂಡರು. ಎರಡು ನುಡಿಯಾಯಿತು. ಮೂರನೆಯದಕ್ಕೆ ಅವನು ಮೈಕನ್ನು ಜನರ ಕಡೆ ಹಿಡಿದ. ಇಡೀ ಮೈದಾನ ಗುನುಗಿತು. ನಾನೂ ಗಂಟಲು ಬಿಟ್ಟು ಗುನುಗಿದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಮುಗಿದ ಮೇಲೆ ಸೌಂಡಿನವರೇ ನನ್ನನ್ನು ಒಳಗೆ ಕರೆದುಕೊಂಡು ಹೋದರು. ತರಗತಿಯ ಕೋಣೆಯೊಂದರಲ್ಲಿ ಬ್ಯಾಂಡಿನವರು ಬೆಂಚುಗಳ ಮೇಲೆ ಕಾಲು ಚಾಚಿದ್ದರು. ಜುಟ್ಟಿನವನಿಗೆ ಈಗ ಅಲ್ಲಲ್ಲಿ ಬಿಳಿ ಕೂದಲು. ‘ಅರ್ಥಿಂಗ್ ಸರ್ ಬಂದ್ರು’ ಎಂದು ಎದ್ದು ಕೈ ಕುಲುಕಿದ. ನಾನು ಹನುಮಸಾಗರದ ಹೆಸರು ಹೇಳಿದೆ, ಆ ಪದ ಹಾಡಿದವಳ ಮಗ ಎಂದೆ. ಅವನ ಮುಖ ಅರಳಿತು.

‘ಅಯ್ಯೋ, ಆ ಅಮ್ಮನ ಮಗನಾ ನೀವು! ಕೂತ್ಕೊಳ್ಳಿ ಸರ್. ಹೇಗಿದ್ದಾರೆ ಅವರು? ಈ ಕೂದಲು ನೋಡಿ ನನಗೆ ಬೈದಿದ್ರು, ಎಣ್ಣೆ ಹಚ್ಚಿ ಜಡೆ ಹಾಕ್ತೀನಿ ಬಾ ಅಂತ.’

ಲಕ್ವಾ ಹೊಡೆದದ್ದು ಹೇಳಿದೆ. ಅವನು ಕೂತುಬಿಟ್ಟ. ಅವತ್ತು ಅವನ ಜೊತೆ ಮನೆಗೆ ಬಂದಿದ್ದ ಡ್ರಮ್ಮಿನವನು ಬೆಂಚು ಬಡಿಯುವುದನ್ನು ನಿಲ್ಲಿಸಿದ. ನಾನು ಸುತ್ತುಬಳಸದೆ ಕೇಳಿದೆ: ‘ಅವತ್ತ ನೀವು ತುಂಬ್ಕೊಂಡಿದ್ದು ಐತಲ್ರಿ, ಅವ್ವ ಹಾಡಿದ್ದು, ಅದಷ್ಟು ಕೊಡ್ರಿ. ಮತ್ತೇನೂ ಬ್ಯಾಡ. ಪೆನ್‌ಡ್ರೈವ್ ತಂದೀನಿ.’

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೋಟಾರು ಪೂರ್ತಿ ಸುಟ್ಟಿದ್ದನ್ನು ರೈತನಿಗೆ ಹೇಳುವ ಮೊದಲು ನಾನೂ ಹಾಗೇ ಬೇರೆ ಕಡೆ ನೋಡುತ್ತೇನೆ. ಅದಕ್ಕೇ ಅವನು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು.

‘ಅದು ಇಲ್ಲ ಸರ್’ ಎಂದ. ‘ಆ ಪ್ರವಾಸದಲ್ಲಿ ತುಂಬಿಕೊಂಡ ಎಲ್ಲವೂ ಒಂದೇ ಹಾರ್ಡ್‌ಡಿಸ್ಕಲ್ಲಿತ್ತು. ಅದು ಕೆಟ್ಟುಹೋಯ್ತು. ಎಲ್ಲೆಲ್ಲಿಗೋ ಒಯ್ದು ತೋರಿಸಿದ್ವಿ. ಏನೂ ಬರಲಿಲ್ಲ.’

ನನಗೆ ಸಿಟ್ಟು ಬಂತು. ‘ಇನ್ನೊಂದು ಕಡೆ ಇಟ್ಕೊಬೇಕೋ ಬ್ಯಾಡೋ? ದನಿ ಅಂದ್ರ ಏನ್ ತಿಳಿದೀರಿ?’ ಎಂದು ಏರಿದ ದನಿಯಲ್ಲೇ ಕೇಳಿದೆ. ಅವನು ತಲೆ ತಗ್ಗಿಸಿದ. ಕೊಡುತ್ತೇನೆಂದ ಕಾಪಿಯನ್ನು ಬೇಡವೆಂದವನು ನಾನೇ ಎಂದು ಅವನು ನೆನಪಿಸಲಿಲ್ಲ. ನೆನಪಿತ್ತೋ ಇಲ್ಲವೋ. ನನಗಿತ್ತು.

ಯಾರೋ ಚಹಾ ತಂದುಕೊಟ್ಟರು. ಜುಟ್ಟಿನವನೇ, ‘ಆ ಮೂರನೇ ನುಡಿ ಯಾರಾದ್ರೂ ಬರೆದಿಟ್ಟಿದ್ದೀರಾ ಸರ್? ನಮಗೆ ಎಷ್ಟೋ ಸಲ ಅನ್ನಿಸಿದೆ, ಬಂದು ಕೇಳಬೇಕು ಅಂತ’ ಎಂದ.

‘ಯಾವ ಮೂರನೇ ನುಡಿ? ಅಲ್ಲಿ ನೀವು ಗುನುಗ್ತೀರಲ್ರಿ.’

‘ನಾವು ಗುನುಗ್ತೀವಿ. ಅಮ್ಮ ಹಾಡಿದ್ರಲ್ಲ.’

ನಾನು ಚಹಾದ ಲೋಟ ಕೆಳಗಿಟ್ಟೆ. ಅವನು ಆವತ್ತು ನಡೆದದ್ದನ್ನು ಹೇಳಿದ. ಅವ್ವ ಮೊದಲು ಹಾಡುವುದಿಲ್ಲ ಎಂದಳಂತೆ. ನಾನು ಹೊರಗೆ ಹೋದ ಮೇಲೆ ಬಾಗಿಲಿಗೆ ಹೋಗಿ, ನಾನು ಓಣಿ ತಿರುಗಿದ್ದನ್ನು ನೋಡಿ ಬಂದು ಕೂತಳಂತೆ. ಎರಡು ನುಡಿ ಹಾಡಿ ನಿಲ್ಲಿಸಿ, ಇಲ್ಲಿ ಹೊಲದ ಮನೆಯವರ ನುಡಿ ಬರುತ್ತದೆ, ನಮಗೆ ಹೊಲ ಇಲ್ಲ ಎಂದಳಂತೆ. ಹಾಗಾದರೆ ನಿಮ್ಮ ಮನೆಯದೇ ಹಾಡಿ ಎಂದು ಈ ಡ್ರಮ್ಮಿನ ಹುಡುಗ ಅಂದನಂತೆ. ಅವಳು ನಕ್ಕು, ‘ತಡೀರಿ, ನನ್ನ ಮಗ ಬರೂದ್ರೊಳಗ ಮುಗಸ್ತೀನಿ’ ಅಂದವಳೇ ಶುರು ಮಾಡಿದಳಂತೆ.

‘ಪೂರ್ತಿ ನಿಮ್ಮ ಮೇಲೇ ಇತ್ತು ಸರ್’ ಎಂದ ಡ್ರಮ್ಮಿನವನು. ‘ನನ್ನ ಮಗ, ನನ್ನ ಮಗ ಅಂತ ಬರ್ತಿತ್ತು. ಬೇಗ ಬೇಗ ಹಾಡಿದ್ರು, ಕಣ್ಣೆಲ್ಲ ಬಾಗಿಲ ಕಡೆ. ಭಾಷೆ ನಮಗೆ ಹಿಡೀಲಿಲ್ಲ. ಆದರೆ ಅವರು ನಗ್ತಾ ಇದ್ರು, ನಾವೂ ನಕ್ವಿ. ಮುಗಿಸಿ, ಇದು ಈ ಮನೆಯದು, ಹೊರಗೆಲ್ಲೂ ಹಾಡಬೇಡಿ ಅಂದ್ರು. ಅದಕ್ಕೇ ಅಲ್ಲಿ ಮಾತು ಹಾಕಲಿಲ್ಲ.’

‘ಬೈದಿದ್ಲೋ, ಹೊಗಳಿದ್ಲೋ?’ ಎಂದೆ.

‘ಗೊತ್ತಾಗಲಿಲ್ಲ ಸರ್.’

‘ಒಂದು ಮಾತರ ನೆನಪೈತೇನ್ರಿ?’

ಇಬ್ಬರೂ ನಿಜವಾಗಿ ಪ್ರಯತ್ನಪಟ್ಟರು. ಜುಟ್ಟಿನವನು ಕಣ್ಣು ಮುಚ್ಚಿ ಆ ಧಾಟಿಯನ್ನು ಎರಡು ಸಲ ಗುನುಗಿ ನೋಡಿದ, ಮಾತು ತಾನಾಗಿ ಬಂದೀತೇನೋ ಎಂದು. ಬರಲಿಲ್ಲ. ‘ಮನೆಯವರಿಗೆ ಗೊತ್ತೇ ಇರುತ್ತೆ ಅಂದ್ಕೊಂಡಿದ್ವಿ’ ಎಂದ. ಅವನದೇನೂ ತಪ್ಪಿಲ್ಲ. ನಾನು ಎದ್ದೆ. ನಾಲ್ವರೂ ಗೇಟಿನ ತನಕ ಬಂದು, ಒಂದು ಸಲ ಅಮ್ಮನನ್ನು ನೋಡಲು ಬರುತ್ತೇವೆ ಎಂದರು. ಬರ್ರಿ ಎಂದೆ. ಮೆಚ್ಚಿದ ಬ್ಯಾಂಡಿನವರ ಜೊತೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಲಿಲ್ಲ ಎಂಬುದು ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು.

ಕುಷ್ಟಗಿ ಬರುವವರೆಗೂ ಒಂದೇ ಯೋಚನೆ. ಮದುವೆಯಲ್ಲಿ ಬಾಯಿ ಮುಚ್ಚಿಸಿದ್ದನ್ನು ಅವಳು ಆ ನುಡಿಯಲ್ಲಿ ಹಾಕಿರುತ್ತಾಳೆ. ಉಪ್ಪು ಕಡಿಮೆ ಹಾಕಿದವರನ್ನೇ ಬಿಡದವಳು ನನ್ನನ್ನು ಬಿಟ್ಟಾಳೆಯೇ? ಆಮೇಲೆ, ಬೈಗುಳವಾದರೆ ನಗುತ್ತಾ ಏಕೆ ಹಾಡಿದಳು ಅನ್ನಿಸುತ್ತಿತ್ತು. ಹೊಗಳಿಕೆಯಾದರೆ ನನ್ನಿಂದ ಮುಚ್ಚಿಡುವುದೇಕೆ? ಕೊಪ್ಪಳಕ್ಕೆ ಹೋಗುವಾಗ ಅವಳ ದನಿ ಒಂದಿಲ್ಲ ಅಂದುಕೊಂಡಿದ್ದೆ. ಬರುವಾಗ ಅವಳು ನನ್ನ ಬಗ್ಗೆ ಒಮ್ಮೆ ಬಾಯಿಬಿಟ್ಟು ಹೇಳಿದ್ದೂ ಇಲ್ಲವಾಗಿತ್ತು. ಹೋಗದೆ ಇದ್ದಿದ್ದರೆ ಅರ್ಧ ದುಃಖವಾದರೂ ತಪ್ಪುತ್ತಿತ್ತು.

ಮರುದಿನ ಬೆಳಿಗ್ಗೆ ಅವ್ವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಹೆಂಡತಿ ಚಹಾ ಕುಡಿಸಿ ಬಾಯಿ ಒರೆಸಿದಳು. ದನಿ ಸಿಗಲಿಲ್ಲವೆಂದು ರಾತ್ರಿಯೇ ಹೇಳಿದ್ದೆ, ಉಳಿದದ್ದು ಹೇಳಿರಲಿಲ್ಲ. ಅವಳು ಒಳಗೆ ಹೋದ ಮೇಲೆ ನಾನು ಅವ್ವನ ಎದುರು ಕೂತೆ.

‘ಯವ್ವಾ, ಆ ಹುಡುಗೂರ ಮುಂದ ನನ್ನ ಮ್ಯಾಲೆ ನುಡಿ ಕಟ್ಟಿದ್ದೆಂತ. ಬೈದಿದ್ದೇನು?’

‘ಬಬ್ಬ’ ಎಂದಳು.

‘ಛಲೋದು ಹೇಳಿದ್ದೇನು?’

‘ಬಬ್ಬ.’

ನನಗೆ ಅವಳ ಮೇಲೇ ಸಿಟ್ಟು ಬಂತು, ಆ ಸಿಟ್ಟಿಗೆ ನಾಚಿಕೆಯೂ ಬಂತು. ಫೋನು ತೆಗೆದು ಆ ಪದ ಹಾಕಿದೆ. ಇಷ್ಟು ವರ್ಷ ಅಂಗಡಿಯಲ್ಲಿ ದಿನಾ ಕೇಳಿದವನು, ಮನೆಯಲ್ಲಿ ಅವಳ ಎದುರು ಹಾಕಿದ್ದು ಅದೇ ಮೊದಲು. ಡ್ರಮ್ಮು ಕೇಳಿ ಹುಬ್ಬು ಏರಿಸಿದಳು. ಎರಡು ನುಡಿಯವರೆಗೆ ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಾ ಕೂತಳು.

ಗುನುಗು ಬಂದ ಕೂಡಲೇ ಅವಳು ಎತ್ತಿಕೊಂಡಳು. ಬಬ್ಬ ಬಬ್ಬ ಬಬ್ಬ ಎಂದು, ಒಂದು ಉಸಿರನ್ನೂ ತಪ್ಪಿಸದೆ, ಹೊಲದಲ್ಲಿ ಹಾಡುತ್ತಿದ್ದ ಅದೇ ಗಟ್ಟಿ ದನಿಯಲ್ಲಿ. ಸಾಲು ಸಾಲಿಗೆ ನಿಲ್ಲುತ್ತಿದ್ದಳು, ಒಂದು ಕಡೆ ದನಿ ತಗ್ಗಿಸಿದಳು, ಇನ್ನೊಂದು ಕಡೆ ಕೈಯನ್ನು ಮುಂದೆ ಚಾಚಿ ಯಾರನ್ನೋ ತೋರಿಸಿದಳು. ಸರಿಯಿದ್ದ ಅರ್ಧ ಮುಖ ನಗುತ್ತಿತ್ತು. ಅಲ್ಲಿ ಮಾತುಗಳಿದ್ದವು, ಪೂರ್ತಿ ಇದ್ದವು, ಅವಳಿಗೆ ಒಂದೂ ಮರೆತಿರಲಿಲ್ಲ.

ನಾನು ಅವಳ ಮೊಣಕಾಲಿಗೆ ನನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದೆ. ಅವಳ ಕಣ್ಣು ನನ್ನನ್ನು ದಾಟಿ ಬಾಗಿಲ ಮೇಲಿತ್ತು. ಮಗ ಬರುವುದರೊಳಗೆ ಮುಗಿಸಬೇಕೆಂದು ಅವಳು ಅವಸರದಲ್ಲಿದ್ದಳು.